ಸೆಕೆಂಡಿಗೆ 55 ಮಿಲಿಗ್ರಾಂ: ಮಾತ್ರೆ ಕಾರ್ಖಾನೆಗಳು ಬದಲಾಗಲು ಯಾಕೆ ಇಷ್ಟು ತಡ?

ಔಷಧಗಳ ಕೊರತೆಯ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಪರಿಹಾರದ ಮಾತೂ ಬರುತ್ತದೆ. ಮಾತ್ರೆಗಳನ್ನು ಬ್ಯಾಚ್ ಬ್ಯಾಚ್ ಆಗಿ ಮಾಡುವ ಹಳೆಯ ಪದ್ಧತಿ ಬಿಡಬೇಕು. ಒಂದು ತುದಿಯಲ್ಲಿ ಪುಡಿ ಹಾಕಿದರೆ ಇನ್ನೊಂದು ತುದಿಯಲ್ಲಿ ಮಾತ್ರೆ ಬರುತ್ತಲೇ ಇರುವ ನಿರಂತರ ತಯಾರಿಗೆ ಹೋಗಬೇಕು. ಇದರಿಂದ ಗುಣಮಟ್ಟ ಹೆಚ್ಚುತ್ತದೆ, ಜಾಗ ಉಳಿಯುತ್ತದೆ, ಬೇಡಿಕೆ ಏರಿದಾಗ ಬೇಗ ಮಾಡಿಕೊಡಬಹುದು ಎನ್ನುತ್ತಾರೆ.

ಇದು ಹೊಸ ಮಾತೇನಲ್ಲ. 2015ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವರ್ಟೆಕ್ಸ್ ಕಂಪನಿಯ ಓರ್ಕಾಂಬಿ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಈ ಔಷಧ ನಿರಂತರ ಲೈನಿನಲ್ಲೇ ತಯಾರಾಗುತ್ತಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಜಾನ್ಸೆನ್ ಕಂಪನಿಯ ಎಚ್‌ಐವಿ ಮಾತ್ರೆ ಪ್ರೆಜಿಸ್ಟಾ ಬ್ಯಾಚ್‌ನಿಂದ ನಿರಂತರಕ್ಕೆ ಬದಲಾಗಲು ಅನುಮತಿ ಪಡೆಯಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಔಷಧವೊಂದು ಹೀಗೆ ದಾರಿ ಬದಲಿಸಿದ್ದು ಅದೇ ಮೊದಲು. 2022ರ ನವೆಂಬರ್‌ನಲ್ಲಿ ಔಷಧ ನಿಯಂತ್ರಕರೂ ಔಷಧ ಉದ್ಯಮದವರೂ ಸೇರಿರುವ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಚ್, ನಿರಂತರ ತಯಾರಿಗೆಂದೇ ಕ್ಯೂ13 ಎಂಬ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು. 2023ರ ಮಾರ್ಚ್‌ನಲ್ಲಿ ಎಫ್‌ಡಿಎ ಅದನ್ನು ಪ್ರಕಟಿಸಿತು.

ಅಂದರೆ ಅನುಮತಿ ಇದೆ, ನಿಯಮ ಇದೆ, ಯಂತ್ರಗಳೂ ಇವೆ. ಆದರೂ ಜಗತ್ತಿನ ಬಹುಪಾಲು ಮಾತ್ರೆಗಳು ಇವತ್ತಿಗೂ ಬ್ಯಾಚ್‌ನಲ್ಲೇ ತಯಾರಾಗುತ್ತವೆ. ಇಲ್ಲೇ ಓದುಗರಿಗೆ ಗೊಂದಲವಾಗುವುದು. ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ?

ಹಣ, ಕಾಗದಪತ್ರ, ಹಳೆಯ ಅಭ್ಯಾಸ ಎಂದು ಕಾರಣಗಳನ್ನು ಕೊಡುವುದುಂಟು. ಅವೆಲ್ಲ ನಿಜವೇ. ಆದರೆ ಸುದ್ದಿಯಲ್ಲಿ ಹೆಚ್ಚಾಗಿ ಕಾಣದ ಕಾರಣ ಒಂದಿದೆ. ಅದು ಲೈನಿನ ಶುರುವಿನಲ್ಲೇ ಕೂತಿರುತ್ತದೆ. ಒಣ ಪುಡಿಯನ್ನು ಪ್ರತಿ ಸೆಕೆಂಡೂ ಒಂದೇ ಸಮನಾಗಿ ಸುರಿಯುವುದು ಬಹಳ ಕಷ್ಟ.

ತೂಕ ಹೋಗಿ ವೇಗ ಬಂತು

ಬ್ಯಾಚ್ ಪದ್ಧತಿಯಲ್ಲಿ ಏನಾಗುತ್ತದೆ ನೋಡೋಣ. ಔಷಧದ ಪುಡಿಯನ್ನು ತಕ್ಕಡಿಯಲ್ಲಿ ತೂಗುತ್ತಾರೆ. ಮುಳ್ಳು ನಿಲ್ಲುವವರೆಗೆ ಕಾಯುತ್ತಾರೆ. ಇನ್ನೊಬ್ಬರು ಬಂದು ಸರಿ ನೋಡಿ ಸಹಿ ಹಾಕುತ್ತಾರೆ. ಮಾತ್ರೆಯ ಗಾತ್ರ ತುಂಬಿಸಲು ಹಾಕುವ ಫಿಲ್ಲರ್ ಪುಡಿಗಳನ್ನೂ ಹಾಗೆಯೇ ತೂಗಿ, ಎಲ್ಲವನ್ನೂ ದೊಡ್ಡ ಮಿಕ್ಸರ್‌ಗೆ ಹಾಕಿ ತಿರುಗಿಸುತ್ತಾರೆ. ಮಿಶ್ರಣ ಚೆನ್ನಾಗಿ ಆಗಿಲ್ಲದಿರಬಹುದು, ಆದರೆ ಒಟ್ಟು ಎಷ್ಟು ಔಷಧ ಒಳಗೆ ಹೋಯಿತು ಎಂಬುದರಲ್ಲಿ ಅನುಮಾನವಿಲ್ಲ. ಪುಡಿ ಅಂಟಿಕೊಳ್ಳುವಂಥದ್ದಾಗಿರಲಿ, ಗಂಟು ಕಟ್ಟುವಂಥದ್ದಾಗಿರಲಿ, ತಕ್ಕಡಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಸ್ಕೂಪಿನಿಂದ ಕೆರೆದು ಹಾಕಿದರೂ 10 ಕಿಲೋ 10 ಕಿಲೋನೇ.

ನಿರಂತರ ಲೈನಿನಲ್ಲಿ ಈ ನೆಮ್ಮದಿ ಇಲ್ಲ. ಅಲ್ಲಿ ಒಂದೊಂದು ಪುಡಿಗೂ ಒಂದೊಂದು ಫೀಡರ್ ಇರುತ್ತದೆ. ಎಲ್ಲ ಫೀಡರ್‌ಗಳೂ ತಮ್ಮ ತಮ್ಮ ವೇಗದಲ್ಲಿ ಪುಡಿ ಸುರಿಯುತ್ತಿರುತ್ತವೆ. ಪುಡಿಗಳು ಕೆಳಗಿನ ಮಿಕ್ಸರ್‌ನಲ್ಲಿ ಬೆರೆತು ಮುಂದೆ ಸಾಗಿ, ಮಾತ್ರೆ ಒತ್ತುವ ಪ್ರೆಸ್‌ಗೆ ಹೋಗುತ್ತವೆ. ಇಲ್ಲಿ ‘ಒಟ್ಟು ಎಷ್ಟು ಹಾಕಿದೆವು’ ಎಂಬ ಪ್ರಶ್ನೆಗೆ ಅಷ್ಟು ಬೆಲೆಯಿಲ್ಲ. ‘ಈ ಕ್ಷಣದಲ್ಲಿ ಎಷ್ಟು ಬೀಳುತ್ತಿದೆ’ ಎಂಬುದೇ ಪ್ರಶ್ನೆ. ಒಮ್ಮೆ ತೂಗಿ ಮುಗಿಸುತ್ತಿದ್ದ ಕೆಲಸವನ್ನು ಇಲ್ಲಿ ಲೈನ್ ಓಡುವಷ್ಟು ಹೊತ್ತೂ ಮಾಡುತ್ತಲೇ ಇರಬೇಕು.

ಒಂದು ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಲೈನ್ ಗಂಟೆಗೆ 20 ಕಿಲೋ ಮಿಶ್ರಣ ಮಾಡುತ್ತದೆ ಎಂದಿಟ್ಟುಕೊಳ್ಳಿ. ಮಾತ್ರೆಯೊಂದು 200 ಮಿಲಿಗ್ರಾಂ. ಆಗ ಗಂಟೆಗೆ ಒಂದು ಲಕ್ಷ ಮಾತ್ರೆ, ಸೆಕೆಂಡಿಗೆ ಸುಮಾರು 28. ಔಷಧದ ಪಾಲು ನೂರಕ್ಕೆ ಒಂದು ಎಂದರೆ ಅದರ ಫೀಡರ್ ಗಂಟೆಗೆ 200 ಗ್ರಾಂ ಸುರಿಯಬೇಕು. ಸೆಕೆಂಡಿಗೆ ಸುಮಾರು 55 ಮಿಲಿಗ್ರಾಂ. ಒಂದು ಚಿಟಿಕೆಗಿಂತ ಕಡಿಮೆ. ಆ ಸಣ್ಣ ಪುಡಿಯಲ್ಲಿ 28 ಜನರ ಮಾತ್ರೆಯ ಮದ್ದು ಇದೆ.

ಈ ಫೀಡರ್ 30 ಸೆಕೆಂಡು ಶೇ. 20ರಷ್ಟು ಜಾಸ್ತಿ ಸುರಿಯಿತು ಅಂದುಕೊಳ್ಳಿ. ಮುಂದೆ ಯಾವ ಮಿಕ್ಸರ್ ಕೂಡ ಅದನ್ನು ಸರಿಪಡಿಸದಿದ್ದರೆ 800ಕ್ಕೂ ಹೆಚ್ಚು ಮಾತ್ರೆಗಳಲ್ಲಿ ಮದ್ದು ಜಾಸ್ತಿಯಾಗಿರುತ್ತದೆ. ಮಾತ್ರೆಯೊಂದರಲ್ಲಿ ಇರಬೇಕಾದ ಔಷಧ ಶೇ. 85ರಿಂದ 115ರ ಒಳಗಿರಬೇಕು ಎಂಬುದು ಹಿಂದಿನಿಂದ ಬಂದ ಲೆಕ್ಕ. ಈಗಿನ ಪರೀಕ್ಷೆಗಳು ಸರಾಸರಿಯನ್ನೂ ಏರಿಳಿತವನ್ನೂ ಸೇರಿಸಿ ನೋಡುತ್ತವೆ. ಯಾವ ಲೆಕ್ಕದಲ್ಲಿ ನೋಡಿದರೂ ಶೇ. 20ರ ತಪ್ಪು ಸಣ್ಣದಲ್ಲ.

ಫೀಡರ್ ತನ್ನನ್ನು ತಾನೇ ತೂಗಿಕೊಳ್ಳುತ್ತದೆ

ಈ ಕೆಲಸಕ್ಕೆ ಬಳಸುವ ಯಂತ್ರದ ಹೆಸರು ಲಾಸ್-ಇನ್-ವೇಟ್ ಫೀಡರ್. ಮೇಲೆ ಪುಡಿ ತುಂಬುವ ಹಾಪರ್, ಒಳಗೆ ಪುಡಿಯನ್ನು ಕಲಕುವ ಕೈಗಳು, ಕೆಳಗೆ ಪುಡಿಯನ್ನು ಹೊರಗೆ ತಳ್ಳುವ ಒಂದು ಅಥವಾ ಎರಡು ಸ್ಕ್ರೂ. ಇಡೀ ಯಂತ್ರವೇ ಲೋಡ್ ಸೆಲ್ ಎಂಬ ತೂಕದ ಸೆನ್ಸರ್ ಮೇಲೆ ಕೂತಿರುತ್ತದೆ. ಪುಡಿ ಹೊರಗೆ ಹೋದಂತೆ ಯಂತ್ರದ ತೂಕ ಇಳಿಯುತ್ತದೆ. ಆ ಇಳಿಯುವ ವೇಗವೇ ಪುಡಿ ಬೀಳುವ ವೇಗ. ತೂಕ ನಿಧಾನವಾಗಿ ಇಳಿದರೆ ಸ್ಕ್ರೂ ಬೇಗ ತಿರುಗುತ್ತದೆ, ಬೇಗ ಇಳಿದರೆ ನಿಧಾನವಾಗುತ್ತದೆ. ಯೋಚನೆ ಸರಳ, ಚೆಂದವೂ ಹೌದು.

ತೊಂದರೆ ಇರುವುದು ಅಳತೆಯಲ್ಲಿ. ಹಾಪರ್‌ನಲ್ಲಿ 5 ಕಿಲೋ ಪುಡಿ ಇದ್ದರೆ, ಒಂದು ಸೆಕೆಂಡಿನಲ್ಲಿ ಕಡಿಮೆಯಾಗುವ 55 ಮಿಲಿಗ್ರಾಂ ಅದರ ಸುಮಾರು 90,000ದಲ್ಲಿ ಒಂದು ಪಾಲು. ಯಂತ್ರದ ತೂಕ ಬೇರೆ ಸೇರಿಸಿದರೆ ಇನ್ನೂ ಚಿಕ್ಕದು. ಪಕ್ಕದಲ್ಲಿ ಮಾತ್ರೆ ಪ್ರೆಸ್ ಅದುರುತ್ತಿರುತ್ತದೆ. ಬಾಗಿಲು ತೆಗೆದರೆ ಗಾಳಿ ಬೀಸುತ್ತದೆ. ಯಾರೋ ಸುಮ್ನೆ ಯಂತ್ರಕ್ಕೆ ಕೈ ಊರಿದರೂ ಸಾಕು. ಇವೆಲ್ಲ ಲೋಡ್ ಸೆಲ್‌ಗೆ ತೂಕದ ಬದಲಾವಣೆಯಾಗಿಯೇ ಕಾಣುತ್ತವೆ.

ಗಲಾಟೆಯ ನಡುವೆ ಸಣ್ಣ ದನಿ ಕೇಳಬೇಕಾದರೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರಬೇಕು ಅಲ್ವಾ? ಫೀಡರ್‌ನ ಕಂಟ್ರೋಲರ್ ಕೂಡ ಅದನ್ನೇ ಮಾಡುತ್ತದೆ. ಹಲವು ಸೆಕೆಂಡುಗಳ ತೂಕವನ್ನು ಒಟ್ಟಿಗೆ ನೋಡಿ ಸರಾಸರಿ ತೆಗೆಯುತ್ತದೆ. ಹೀಗೆ ಮಾಡಿದರೆ ಸುಳ್ಳು ಏರಿಳಿತ ಮರೆಯಾಗುತ್ತದೆ. ಆದರೆ ನಿಜವಾದ ತಪ್ಪು ಆದಾಗ ಅದು ಗೊತ್ತಾಗುವುದೂ ತಡವಾಗುತ್ತದೆ. ಬೇಗ ಪ್ರತಿಕ್ರಿಯಿಸುವ ಫೀಡರ್ ಸುಳ್ಳಿಗೂ ಬೆಚ್ಚುತ್ತದೆ. ತಾಳ್ಮೆಯ ಫೀಡರ್ ನಿಜಕ್ಕೂ ತಡವಾಗಿ ಏಳುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರತಿ ಪುಡಿಗೂ ಬೇರೆ ಬೇರೆಯಾಗಿ ಕಂಡುಕೊಳ್ಳಬೇಕು.

ಇದಕ್ಕಿಂತ ಕೆಟ್ಟದ್ದು ಫೀಡರ್ ಪೂರ್ತಿ ಮೋಸ ಹೋಗುವುದು. ಹಾಪರ್‌ನ ಗಾಳಿ ಹೋಗುವ ದಾರಿಯಲ್ಲಿ ಧೂಳು ಕಟ್ಟಿಕೊಂಡರೆ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಆ ಒತ್ತಡ ಯಂತ್ರವನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ. ಲೋಡ್ ಸೆಲ್ ಅದನ್ನು ತೂಕ ಎಂದು ಓದುತ್ತದೆ. ಕಂಟ್ರೋಲರ್ ಅದನ್ನು ನಂಬಿ ಸ್ಕ್ರೂ ವೇಗ ಬದಲಿಸುತ್ತದೆ. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಳಗೆ ಬೀಳುತ್ತಿರುವ ಪುಡಿ ಮಾತ್ರ ತಪ್ಪು.

ಹಾಗಾಗಿ ಫೀಡರ್‌ನ ನಿಖರತೆಯ ಬಗ್ಗೆ ಹೇಳುವ ಅಂಕಿಗಳನ್ನು ಓದುವಾಗ ಒಂದು ಪ್ರಶ್ನೆ ಕೇಳಲೇಬೇಕು. ಎಷ್ಟು ಸೆಕೆಂಡಿನ ಸರಾಸರಿ ಇದು? ಒಂದು ನಿಮಿಷದ ಸರಾಸರಿ ತುಂಬಾ ಚೆನ್ನಾಗಿರಬಹುದು. ಆ ನಿಮಿಷದ ಒಳಗೆ ಪುಡಿ ಒಮ್ಮೆ ಗುಡ್ಡೆಯಾಗಿ ಬಿದ್ದು, ಇನ್ನೊಮ್ಮೆ ಬೀಳದೇ ಇದ್ದಿರಬಹುದು. ನಿಧಾನವಾಗಿ ತಿರುಗುವ ಒಂಟಿ ಸ್ಕ್ರೂ ಹೀಗೆಯೇ ಮಾಡುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಗುಟುಕು. ರೋಗಿ ನುಂಗುವ ಮಾತ್ರೆಗೆ ಒಂದು ನಿಮಿಷದ ಸರಾಸರಿಯಿಂದ ಪ್ರಯೋಜನವಿಲ್ಲ. ಅದು ಸೆಕೆಂಡಿನ ಒಂದು ತುಣುಕಿನಲ್ಲಿ ಆದ ಮಾತ್ರೆ.

ರೀಫಿಲ್ ಎಂಬ ಕುರುಡು ಗಳಿಗೆ

ಹಾಪರ್ ಖಾಲಿಯಾಗುತ್ತಾ ಬಂದಾಗ ಮೇಲಿನಿಂದ ಮತ್ತೆ ಪುಡಿ ತುಂಬಬೇಕು. ಆ ಹೊತ್ತಿನಲ್ಲಿ ಯಂತ್ರದ ತೂಕ ಏರುತ್ತಿರುತ್ತದೆ, ಇಳಿಯುವ ವೇಗ ನೋಡಲು ಸಾಧ್ಯವೇ ಇಲ್ಲ. ಹಾಗಾಗಿ ಫೀಡರ್ ತೂಕ ನೋಡುವುದನ್ನು ಕೊಂಚ ಹೊತ್ತು ನಿಲ್ಲಿಸಿ, ಸ್ಕ್ರೂವನ್ನು ಹಿಂದಿನ ಅಂದಾಜಿನ ಮೇಲೆ ತಿರುಗಿಸುತ್ತದೆ. ಅಂದರೆ ಕಣ್ಣು ಮುಚ್ಚಿಕೊಂಡು ನಡೆದ ಹಾಗೆ.

ಅಂದಾಜು ಸರಿಯಾಗಿದ್ದರೆ ತೊಂದರೆಯಿಲ್ಲ. ಆದರೆ ಪುಡಿ ದ್ರವದ ಹಾಗಲ್ಲ. ಹಾಪರ್ ತುಂಬಿದ್ದಾಗ ಮೇಲಿನ ಭಾರಕ್ಕೆ ಕೆಳಗಿನ ಪುಡಿ ಒತ್ತಿಕೊಂಡು ಗಟ್ಟಿಯಾಗುತ್ತದೆ. ಸ್ಕ್ರೂವಿನ ಒಂದು ಸುತ್ತಿಗೆ ಜಾಸ್ತಿ ಪುಡಿ ಸಿಗುತ್ತದೆ. ಖಾಲಿಯಾಗುತ್ತಾ ಬಂದಾಗ ಪುಡಿ ಸಡಿಲವಾಗಿರುತ್ತದೆ, ಒಂದು ಸುತ್ತಿಗೆ ಕಡಿಮೆ ಸಿಗುತ್ತದೆ. ಖಾಲಿಯಾದ ಹಾಪರ್‌ನ ಅಂದಾಜಿನ ಮೇಲೆ ಸ್ಕ್ರೂ ತಿರುಗುತ್ತಿರುವಾಗ ಮೇಲಿನಿಂದ ಧೊಪ್ಪನೆ ಹೊಸ ಪುಡಿ ಬಿದ್ದರೆ ಏನಾಗುತ್ತದೆ? ಅದೇ ವೇಗದಲ್ಲಿ ಜಾಸ್ತಿ ಪುಡಿ ಹೊರಗೆ ಬರುತ್ತದೆ. ಅದನ್ನು ನೋಡಬೇಕಾದ ಕಣ್ಣು ಆ ಹೊತ್ತಿನಲ್ಲಿ ಮುಚ್ಚಿರುತ್ತದೆ.

ಇದಕ್ಕೆ ಗೊತ್ತಿರುವ ಮದ್ದು, ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ತುಂಬುವುದು. ಹಾಪರ್ ಯಾವಾಗಲೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದರೆ ಕೆಳಗಿನ ಪುಡಿಯ ಗಟ್ಟಿತನ ಬದಲಾಗುವುದಿಲ್ಲ. ಹಾಪರ್ ಯಾವ ಮಟ್ಟದಲ್ಲಿದ್ದಾಗ ಒಂದು ಸುತ್ತಿಗೆ ಎಷ್ಟು ಪುಡಿ ಬರುತ್ತದೆ ಎಂಬುದನ್ನು ಯಂತ್ರಕ್ಕೆ ಮೊದಲೇ ಕಲಿಸಿ, ರೀಫಿಲ್ ನಡೆಯುವಾಗ ಆ ಪಟ್ಟಿಯನ್ನು ನೋಡಿ ಸ್ಕ್ರೂ ನಿಧಾನ ಮಾಡಿಸುವುದೂ ಇದೆ. ಎರಡೂ ಕೆಲಸ ಮಾಡುತ್ತವೆ. ಆದರೆ ಪದೇ ಪದೇ ತುಂಬಿದರೆ ಕಣ್ಣು ಮುಚ್ಚುವ ಗಳಿಗೆಗಳೂ ಪದೇ ಪದೇ ಬರುತ್ತವೆ. ಕಲಿಸಿದ ಪಟ್ಟಿ ಬಳಸಿದರೆ, ನಾಳೆ ಬರುವ ಪುಡಿ ನಿನ್ನೆಯ ಪುಡಿಯ ಹಾಗೆಯೇ ಇರಬೇಕು.

ಪುಡಿ ಯಾಕೆ ಮಾತು ಕೇಳುವುದಿಲ್ಲ?

ಮರಳಿನ ಗಡಿಯಾರದಲ್ಲಿ ಮರಳು ಎಷ್ಟು ಚೆನ್ನಾಗಿ ಇಳಿಯುತ್ತದೆ! ಅದೇ ಗಾಜಿನಲ್ಲಿ ಟಾಲ್ಕಂ ಪೌಡರ್ ತುಂಬಿದರೆ ಇಳಿಯುವುದೇ ಇಲ್ಲ. ವ್ಯತ್ಯಾಸ ಕಣದ ಗಾತ್ರದಲ್ಲಿದೆ.

ಕಣದ ಮೇಲೆ ಎರಡು ಬಲಗಳು ಎದುರುಬದುರಾಗಿ ನಿಂತಿರುತ್ತವೆ. ಒಂದು, ಅದನ್ನು ಕೆಳಗೆ ಎಳೆಯುವ ತೂಕ. ಇನ್ನೊಂದು, ಪಕ್ಕದ ಕಣಕ್ಕೆ ಅಂಟಿಸುವ ವಾನ್ ಡರ್ ವಾಲ್ಸ್ ಬಲ. ಕಣ 100 ಮೈಕ್ರಾನಿನಿಂದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) 10 ಮೈಕ್ರಾನಿಗೆ ಇಳಿದರೆ ಅದರ ತೂಕ ಸಾವಿರ ಪಟ್ಟು ಕಡಿಮೆಯಾಗುತ್ತದೆ. ಅಂಟುವ ಬಲ ಮಾತ್ರ ಹತ್ತೇ ಪಟ್ಟು ಕಡಿಮೆಯಾಗುತ್ತದೆ. ತೂಕಕ್ಕೆ ಹೋಲಿಸಿದರೆ ಅಂಟು ನೂರು ಪಟ್ಟು ಹೆಚ್ಚಾದ ಹಾಗಾಯಿತು. ಇದರ ಮೇಲೆ ಗಾಳಿಯ ತೇವ, ಉಜ್ಜುವುದರಿಂದ ಹುಟ್ಟುವ ಸ್ಥಿರ ವಿದ್ಯುತ್ತು, ಸೂಜಿಯ ಹಾಗಿರುವ ಹರಳುಗಳ ತೊಡಕು ಬೇರೆ.

ಹಾಗಾದರೆ ದಪ್ಪ ಕಣ ಬಳಸಿದರಾಯಿತಲ್ಲ ಅನಿಸಬಹುದು. ಆದರೆ ಅದು ರೋಗಿಗೆ ಒಳ್ಳೆಯದಲ್ಲ. ಇವತ್ತಿನ ಬಹಳಷ್ಟು ಔಷಧಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹೊಟ್ಟೆಯಲ್ಲಿ ಬೇಗ ಕರಗಲಿ ಎಂದೇ ಅವುಗಳನ್ನು ನುಣ್ಣಗೆ ಅರೆಯುತ್ತಾರೆ. ಕಡಿಮೆ ಪ್ರಮಾಣದ ಔಷಧವಾದರೆ ಪ್ರತಿ ಮಾತ್ರೆಗೂ ಸಾಕಷ್ಟು ಕಣ ಸಿಗಲಿ ಎಂದೂ ನುಣ್ಣಗೆ ಬೇಕು. ದೇಹಕ್ಕೆ ಬೇಕಾದ ಗುಣವೇ ಯಂತ್ರಕ್ಕೆ ತೊಡಕಾಗುತ್ತದೆ. ಈ ಕಥೆಯಲ್ಲಿ ನಿಜವಾಗಿ ಕಷ್ಟದ ಜಾಗ ಇದೇ. ಯಾರೋ ಸರಿಯಾಗಿ ಕೆಲಸ ಮಾಡದೆ ಹುಟ್ಟಿದ ಸಮಸ್ಯೆ ಇದಲ್ಲ.

ಅಂಟುವ ಪುಡಿ ಹಾಪರ್‌ನಲ್ಲಿ ಹಲವು ರೀತಿ ಕೈ ಕೊಡುತ್ತದೆ. ಬಾಯಿಯ ಮೇಲೆ ಕಮಾನಿನ ಹಾಗೆ ಕಟ್ಟಿಕೊಂಡು ನಿಂತುಬಿಡಬಹುದು. ನಡುವೆ ಮಾತ್ರ ಕೊಳವೆಯಂಥ ತೂತು ಬಿದ್ದು, ಸುತ್ತಲಿನ ಪುಡಿ ಅಲುಗಾಡದೇ ಉಳಿಯಬಹುದು. ಆ ಕಮಾನು ಒಮ್ಮೆಲೇ ಕುಸಿದರೆ ಗಾಳಿ ಸೇರಿಕೊಂಡ ಪುಡಿ ನೀರಿನ ಹಾಗೆ ಸ್ಕ್ರೂವಿನ ಸಂದಿಯಿಂದ ಹರಿದುಬಿಡಬಹುದು. ಸ್ಕ್ರೂವಿಗೆ ಅಂಟಿದ ಪದರ ದಪ್ಪವಾಗುತ್ತಾ ಹೋಗಿ, ಯಾವಾಗಲೋ ಒಮ್ಮೆ ಗಡ್ಡೆಯಾಗಿ ಬೀಳಬಹುದು. ಕಮಾನು ಯಾವಾಗ ಕಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕುವ ದಾರಿಯನ್ನು ಆಂಡ್ರೂ ಜೆನಿಕೆ ಎಂಬ ಎಂಜಿನಿಯರ್ 1960ರ ದಶಕದಲ್ಲೇ ಯೂಟಾ ವಿಶ್ವವಿದ್ಯಾಲಯದಲ್ಲಿ ತೋರಿಸಿದ್ದರು. ಆದರೆ ಅವರ ಕೆಲಸ ಅದಿರು, ಕಲ್ಲಿದ್ದಲಿನಂಥ ವಸ್ತುಗಳನ್ನು ಟನ್‌ಗಟ್ಟಲೆ ತುಂಬಿಡುವ ದೊಡ್ಡ ಹಾಪರ್‌ಗಳಿಗೆ ಹೊಂದುವಂಥದ್ದು. ಗಂಟೆಗೆ 200 ಗ್ರಾಂ ಸುರಿಯುವ ಪುಟ್ಟ ಫೀಡರ್‌ನ ಚಿಂತೆ ಬೇರೆಯೇ.

ಅಗ್ಗದ ಪುಡಿಯ ತಪ್ಪೂ ಔಷಧದ ತಪ್ಪೇ

ಎಲ್ಲರ ಗಮನ ಔಷಧದ ಫೀಡರ್ ಮೇಲೆ ಇರುತ್ತದೆ. ಅದು ಸಹಜ. ಆದರೆ ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂಬುದು ಅನುಪಾತದ ಲೆಕ್ಕ. ಗಂಟೆಗೆ 2 ಕಿಲೋ ಔಷಧ, 18 ಕಿಲೋ ಫಿಲ್ಲರ್ ಬೀಳುತ್ತಿದೆ ಎನ್ನಿ. ಔಷಧದ ಪಾಲು ಶೇ. 10. ಔಷಧದ ಫೀಡರ್ ಕೂದಲೆಳೆಯಷ್ಟೂ ತಪ್ಪಲಿಲ್ಲ. ಫಿಲ್ಲರ್ ಮಾತ್ರ ಶೇ. 10 ಕಡಿಮೆಯಾಗಿ 16.2 ಕಿಲೋಗೆ ಇಳಿಯಿತು. ಈಗ ಔಷಧದ ಪಾಲು ಸುಮಾರು ಶೇ. 11. ಪ್ರೆಸ್ ಮಾತ್ರೆಯ ತೂಕವನ್ನು ಮೊದಲಿನಷ್ಟೇ ಇಡುತ್ತದೆ. ಹಾಗಾಗಿ ರೋಗಿಗೆ ಹೋಗುವ ಮದ್ದು ಇರಬೇಕಾದ್ದರ ಶೇ. 110.

ಮೆಗ್ನೀಷಿಯಂ ಸ್ಟಿಯರೇಟ್ ಇನ್ನೊಂದು ಬಗೆಯ ಉದಾಹರಣೆ. ಮಾತ್ರೆ ಅಚ್ಚಿಗೆ ಅಂಟದಿರಲಿ ಎಂದು ಹಾಕುವ ಈ ಪುಡಿ ಸಾಮಾನ್ಯವಾಗಿ ಶೇ. 1ರ ಆಸುಪಾಸು ಇರುತ್ತದೆ. ಕಡಿಮೆಯಾದರೆ ಮಾತ್ರೆ ಅಚ್ಚಿಗೆ ಅಂಟುತ್ತದೆ. ಜಾಸ್ತಿಯಾದರೆ ಕಣಗಳ ಮೇಲೆ ನೀರು ಹಿಡಿಸದ ಪದರ ಕಟ್ಟಿ ಮಾತ್ರೆ ನಿಧಾನವಾಗಿ ಕರಗುತ್ತದೆ, ಗಟ್ಟಿತನವೂ ಕುಂದುತ್ತದೆ. ಔಷಧದ ಪ್ರಮಾಣ ಪರೀಕ್ಷೆಯಲ್ಲಿ ಸರಿಯಾಗಿಯೇ ಬರುತ್ತದೆ, ಆದರೆ ಮಾತ್ರೆ ಮಾಡಬೇಕಾದ ಕೆಲಸ ಮಾಡುವುದಿಲ್ಲ.

ಮಿಕ್ಸರ್ ಎಷ್ಟು ತಪ್ಪನ್ನು ನುಂಗಬಲ್ಲದು?

ಫೀಡರ್‌ನ ಎಲ್ಲ ತಪ್ಪೂ ಮಾತ್ರೆಗೆ ಬಂದು ಮುಟ್ಟುವುದಿಲ್ಲ. ನಡುವೆ ಮಿಕ್ಸರ್ ಇದೆ. ಪುಡಿಯ ಕಣಗಳು ಅದರಲ್ಲಿ ಒಂದೇ ಹೊತ್ತು ಇರುವುದಿಲ್ಲ. ಕೆಲವು ಬೇಗ ದಾಟುತ್ತವೆ, ಕೆಲವು ಹಿಂದೆ ಮುಂದೆ ಸುತ್ತಿ ತಡವಾಗಿ ಹೊರಬರುತ್ತವೆ. ಹಾಗಾಗಿ ಮೊದಲು ಬಿದ್ದ ಪುಡಿ ಆಮೇಲೆ ಬಿದ್ದದ್ದರ ಜೊತೆ ಬೆರೆಯುತ್ತದೆ. ಕಣಗಳು ಎಷ್ಟೆಷ್ಟು ಹೊತ್ತು ಒಳಗಿರುತ್ತವೆ ಎಂಬ ಈ ಹಂಚಿಕೆಯನ್ನು ಅಳೆಯುವ ಲೆಕ್ಕವನ್ನು ಡಂಕ್‌ವರ್ಟ್ಸ್ ಎಂಬ ಕೆಮಿಕಲ್ ಎಂಜಿನಿಯರ್ 1953ರಲ್ಲಿ ಬರೆದಿಟ್ಟರು. ಇವತ್ತಿನ ನಿರಂತರ ಲೈನ್‌ಗಳ ಸುರಕ್ಷತೆಯ ಲೆಕ್ಕ ಅದರ ಮೇಲೆಯೇ ನಿಂತಿದೆ.

ಪುಡಿ ಮಿಕ್ಸರ್‌ನಲ್ಲಿ ಸರಾಸರಿ ಒಂದೆರಡು ನಿಮಿಷ ಇರುತ್ತದೆ ಎಂದುಕೊಂಡರೆ, ಐದು ಸೆಕೆಂಡಿನ ಏರಿಳಿತವನ್ನು ಅದು ಸಲೀಸಾಗಿ ಸಮ ಮಾಡುತ್ತದೆ. ಸ್ಕ್ರೂವಿನ ಗುಟುಕು ಗುಟುಕು ಹರಿವು ಅಲ್ಲಿಗೆ ಮುಗಿಯಿತು. ಆದರೆ ಹತ್ತು ನಿಮಿಷ ನಿಧಾನವಾಗಿ ಜಾರುವ ತಪ್ಪನ್ನು ಅದು ಏನೂ ಮಾಡಲಾರದು. ಆ ಹೊತ್ತಿಗೆ ಒಳಗಿರುವ ಪುಡಿಯೆಲ್ಲ ತಪ್ಪು ಅಳತೆಯದ್ದೇ ಆಗಿರುತ್ತದೆ.

ಹಾಗಾದರೆ ದೊಡ್ಡ ಮಿಕ್ಸರ್ ಇಟ್ಟರೆ? ಆಗ ಜಾಸ್ತಿ ತಪ್ಪು ಸಮವಾಗುತ್ತದೆ ನಿಜ. ಆದರೆ ನಿಜವಾಗಿ ಕೆಟ್ಟ ಪುಡಿ ಬಂದಾಗ ಅದು ಜಾಸ್ತಿ ಒಳ್ಳೆಯ ಪುಡಿಯನ್ನೂ ತನ್ನ ಜೊತೆ ಕೆಡಿಸುತ್ತದೆ. 30 ಸೆಕೆಂಡಿನ ತಪ್ಪಿಗೆ ಐದು ನಿಮಿಷದ ಮಾಲು ಬಿಸಾಡಬೇಕಾಗಿ ಬರಬಹುದು. ನಮ್ಮ ಲೆಕ್ಕದ ಲೈನಿನಲ್ಲಿ ಐದು ನಿಮಿಷ ಎಂದರೆ 8,000ಕ್ಕೂ ಹೆಚ್ಚು ಮಾತ್ರೆ.

ಕೆಟ್ಟದ್ದನ್ನು ಹಿಡಿಯುವವರು ಯಾರು?

ತಪ್ಪು ಆಗಿಯೇ ಆಗುತ್ತದೆ, ಅದನ್ನು ಹಿಡಿದು ಹೊರಗೆ ಹಾಕಿದರೆ ಸಾಕು ಎನ್ನುವುದು ನಿರಂತರ ತಯಾರಿಯ ಪರ ಇರುವವರ ದೊಡ್ಡ ಬಲ. ಕ್ಯೂ13 ಕೂಡ ಇದನ್ನು ಒಪ್ಪುತ್ತದೆ. ಲೈನಿನ ನಡುವೆ ಪಕ್ಕಕ್ಕೆ ತಿರುಗಿಸುವ ಬಾಗಿಲು ಇರಲಿ, ಯಾವ ಹೊತ್ತಿನ ಮಾಲು ಕೆಟ್ಟಿದೆ ಎಂದು ಲೆಕ್ಕ ಹಾಕಿ ಅಷ್ಟನ್ನೇ ತೆಗೆಯಿರಿ ಎನ್ನುತ್ತದೆ. ಬ್ಯಾಚ್‌ನಲ್ಲಿ ಒಂದು ತಪ್ಪಿಗೆ ಇಡೀ ಬ್ಯಾಚ್ ಹೋಗುವ ಭಯ ಇದೆ. ಇಲ್ಲಿ ಕೆಲವು ನಿಮಿಷದ ಮಾಲು ಮಾತ್ರ ಹೋಗುತ್ತದೆ.

ಆದರೆ ಕೆಟ್ಟಿದೆ ಎಂದು ಹೇಗೆ ಗೊತ್ತಾಗಬೇಕು? ಇಲ್ಲಿ ತಜ್ಞರಲ್ಲೇ ಎರಡು ಮಾತು.

ಒಂದು ಗುಂಪು ಬೆಳಕನ್ನು ನಂಬುತ್ತದೆ. ಹರಿಯುವ ಪುಡಿಯ ಮೇಲೆ ನಿಯರ್ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಮರಳಿ ಬಂದ ಬೆಳಕಿನಿಂದ ಔಷಧದ ಪ್ರಮಾಣ ಓದುವುದು. ಇದು ಪುಡಿಯನ್ನೇ ನೇರವಾಗಿ ನೋಡುತ್ತದೆ, ಅದೇ ಇದರ ಹಿರಿಮೆ. ಆದರೆ ಔಷಧದ ಪಾಲು ತೀರಾ ಕಡಿಮೆಯಿದ್ದರೆ ಅದರ ಗುರುತು ಮಸುಕಾಗುತ್ತದೆ. ಗಾಜಿನ ಮೇಲೆ ಪುಡಿ ಮೆತ್ತಿಕೊಂಡರೆ ಅದನ್ನೇ ಓದುತ್ತಾ ಕೂರುತ್ತದೆ. ಹೊಸ ಲಾಟಿನ ಪುಡಿ ಬಂದಾಗ ಓದುವ ಲೆಕ್ಕವನ್ನೂ ಮತ್ತೆ ಸರಿಪಡಿಸಬೇಕಾಗಬಹುದು.

ಇನ್ನೊಂದು ಗುಂಪು ಫೀಡರ್‌ಗಳ ತೂಕದ ದಾಖಲೆಯನ್ನೇ ನಂಬುತ್ತದೆ. ಪ್ರತಿ ಫೀಡರ್ ಎಷ್ಟು ಸುರಿಯಿತು ಎಂಬುದು ಗೊತ್ತಿದೆ, ಮಿಕ್ಸರ್ ಹೇಗೆ ಬೆರೆಸುತ್ತದೆ ಎಂಬುದೂ ಗೊತ್ತಿದೆ, ಹಾಗಾದರೆ ಹೊರಗೆ ಬರುವ ಪುಡಿಯಲ್ಲಿ ಎಷ್ಟಿದೆ ಎಂದು ಲೆಕ್ಕದಿಂದಲೇ ಹೇಳಬಹುದು ಎನ್ನುತ್ತದೆ. ಕಡಿಮೆ ಪ್ರಮಾಣದ ಔಷಧಕ್ಕೆ ಇದು ಹೆಚ್ಚು ಅನುಕೂಲ. ಆದರೆ ರೀಫಿಲ್ ಹೊತ್ತಿನಲ್ಲಿ ಫೀಡರ್ ಕುರುಡು, ಗಾಳಿಯ ಒತ್ತಡಕ್ಕೆ ಮೋಸ ಹೋಗುತ್ತದೆ ಎಂಬುದನ್ನು ಆಗಲೇ ನೋಡಿದೆವು. ಫೀಡರ್‌ನಿಂದ ಹೊರಬಿದ್ದ ಪುಡಿ ಕೆಳಗಿನ ಕೊಳವೆಗೆ ಅಂಟಿಕೊಂಡರೂ ಅದಕ್ಕೆ ಗೊತ್ತಾಗುವುದಿಲ್ಲ. ಅದರ ಪಾಲಿಗೆ ಪುಡಿ ಮನೆ ಬಿಟ್ಟಾಯಿತು, ತಲುಪಿತೋ ಇಲ್ಲವೋ ಅದರ ಲೆಕ್ಕವಲ್ಲ.

ಎರಡನ್ನೂ ಒಟ್ಟಿಗೆ ಬಳಸುವುದೇ ಸರಿ ಎಂದು ನನಗನಿಸುತ್ತದೆ, ಯಾಕೆಂದರೆ ಎರಡರ ಕುರುಡು ಜಾಗಗಳು ಬೇರೆ ಬೇರೆ. ಖರ್ಚು ಹೆಚ್ಚುವುದು ನಿಜ. ಆದರೆ ಒಂದೇ ಸಾಕ್ಷಿಯ ಮೇಲೆ ಲಕ್ಷಾಂತರ ಮಾತ್ರೆಗಳನ್ನು ಹೊರಗೆ ಬಿಡುವುದು ತುಂಬಾ ದೊಡ್ಡ ಧೈರ್ಯ.

ಯಂತ್ರ ಬದಲಿಸುವುದೋ, ಪುಡಿ ಬದಲಿಸುವುದೋ?

ಯಂತ್ರ ಮಾಡುವವರು ಫೀಡರ್ ಸುಧಾರಿಸುತ್ತಿದ್ದಾರೆ. ಒಂದನ್ನೊಂದು ಕೆರೆಯುತ್ತಾ ತಿರುಗುವ ಜೋಡಿ ಸ್ಕ್ರೂ, ಗಂಟೆಗೆ ಕೆಲವೇ ಗ್ರಾಂ ಸುರಿಯುವ ಮೈಕ್ರೋ ಫೀಡರ್, ಅದುರುವಿಕೆಯನ್ನು ಗುರುತಿಸಿ ಬದಿಗಿಡುವ ಕಂಟ್ರೋಲರ್. ಇವುಗಳಿಂದ ಬಹಳ ಪ್ರಯೋಜನವಾಗಿದೆ.

ಪುಡಿಯನ್ನೇ ಬದಲಿಸಬೇಕು ಎನ್ನುವವರೂ ಇದ್ದಾರೆ. ಔಷಧದ ಕಣದ ಮೈಗೆ ಅತಿ ಸೂಕ್ಷ್ಮ ಸಿಲಿಕಾ ಲೇಪಿಸಿದರೆ ಎರಡು ಕಣಗಳ ನಡುವೆ ಸಂದು ಹುಟ್ಟಿ ಅಂಟು ಕಡಿಮೆಯಾಗುತ್ತದೆ. ಹರಳು ಬೆಳೆಸುವಾಗಲೇ ಸೂಜಿಯ ಬದಲು ದುಂಡಗಿನ ಆಕಾರ ಬರುವ ಹಾಗೆ ಮಾಡುವುದು ಇನ್ನೂ ಒಳ್ಳೆಯದು, ಆದರೆ ಅದು ಎಲ್ಲ ಔಷಧಕ್ಕೂ ಆಗುವುದಿಲ್ಲ.

ಮೂರನೆಯ ದಾರಿ ರಾಜಿಯದ್ದು. ಕಡಿಮೆ ಪ್ರಮಾಣದ ಔಷಧವನ್ನು ಫಿಲ್ಲರ್ ಜೊತೆ ಮೊದಲೇ ಬೆರೆಸಿ, ಆ ಮಿಶ್ರಣವನ್ನು ಫೀಡರ್‌ಗೆ ಹಾಕುವುದು. ಕೆಲಸ ಸುಲಭವಾಗುತ್ತದೆ. ಆದರೆ ಬಿಟ್ಟು ಬಂದ ಬ್ಯಾಚ್ ಹಿಂಬಾಗಿಲಿನಿಂದ ಒಳಗೆ ಬಂದ ಹಾಗಾಯಿತು. ಇನ್ನೊಂದು, ಒಂದೊಂದು ಕಿಲೋದಷ್ಟು ಸಣ್ಣ ಸಣ್ಣ ಮಿಶ್ರಣವನ್ನು ನಿಂತ ತಕ್ಕಡಿಯಲ್ಲಿ ತೂಗಿ ಬೆರೆಸಿ, ಒಂದರ ಹಿಂದೆ ಒಂದನ್ನು ಪ್ರೆಸ್‌ಗೆ ಬಿಡುವುದು. ಇದನ್ನು ನಿರಂತರ ಎಂದು ಕರೆಯಬಹುದೇ ಎಂದು ವಾದ ಮಾಡುವವರಿದ್ದಾರೆ. ಹೆಸರಿನ ಜಗಳಕ್ಕಿಂತ ಒಂದು ಮಾತು ಮುಖ್ಯ. ಇಲ್ಲಿ ಪ್ರತಿ ಸಣ್ಣ ಮಿಶ್ರಣದಲ್ಲೂ ಔಷಧ ಎಷ್ಟಿದೆ ಎಂಬುದು ತೂಗಿ ಗೊತ್ತಾದದ್ದು. ಹರಿವಿನ ಅಂದಾಜಿನ ಮೇಲೆ ನಿಂತದ್ದಲ್ಲ. ತುಂಬಾ ಅಂಟುವ ಪುಡಿಗೆ ಇದು ಒಳ್ಳೆಯ ದಾರಿ ಎಂದೇ ನನ್ನ ಅಭಿಪ್ರಾಯ.

ಕೊರತೆ ನೀಗುತ್ತದೆಯೇ?

ನಿರಂತರ ಲೈನಿನ ಪರ ಹೇಳುವ ಮಾತುಗಳಲ್ಲಿ ಒಂದು ತುಂಬಾ ಗಟ್ಟಿಯಾದದ್ದು. ಜಾಸ್ತಿ ಮಾತ್ರೆ ಬೇಕಾದರೆ ದೊಡ್ಡ ಯಂತ್ರ ಬೇಡ, ಅದೇ ಯಂತ್ರವನ್ನು ಜಾಸ್ತಿ ಹೊತ್ತು ಓಡಿಸಿದರೆ ಸಾಕು. ಎಷ್ಟು ಹೊತ್ತು ಓಡಿತು ಎಂಬುದರ ಮೇಲೆಯೇ ಬ್ಯಾಚಿನ ಗಾತ್ರ ಹೇಳಲು ಕ್ಯೂ13 ಅವಕಾಶ ಕೊಡುತ್ತದೆ. ಬೇಡಿಕೆ ಒಮ್ಮೆಲೇ ಏರಿದಾಗ ಇದು ದೊಡ್ಡ ಅನುಕೂಲ.

ಆದರೆ ಕೊರತೆಗೆ ಇನ್ನೊಂದು ಮುಖವಿದೆ. ಔಷಧದ ಕಚ್ಚಾ ಪುಡಿ ಕೊಡುವ ಕಂಪನಿಯೇ ನಿಂತುಹೋಗುವುದು. ಆಗ ಬೇರೆ ಕಂಪನಿಯಿಂದ ತರಿಸಬೇಕು. ಹೊಸ ಪುಡಿ, ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥವಾದ ಫಾರ್ಮಾಕೊಪಿಯಾದ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಬಹುದು. ಶುದ್ಧತೆ ಸರಿ, ತೇವ ಸರಿ, ಕಲ್ಮಶ ಇಲ್ಲ. ಆದರೆ ಆ ಪರೀಕ್ಷೆಗಳು ಹೆಚ್ಚಾಗಿ ಕೇಳುವುದು ‘ಇದು ಏನು’ ಎಂದು. ‘ಇದು ಹೇಗೆ ಹರಿಯುತ್ತದೆ’ ಎಂದಲ್ಲ. ಹೊಸ ಕಂಪನಿ ಸ್ವಲ್ಪ ಬೇರೆ ರೀತಿ ಅರೆದಿದ್ದರೆ, ಒಣಗಿಸಿದ್ದರೆ, ಹರಳಿನ ಆಕಾರ ಬೇರೆಯಾಗಿದ್ದರೆ ಫೀಡರ್‌ಗೆ ಅದು ಬೇರೆಯೇ ಪುಡಿ.

ಬ್ಯಾಚ್ ಕಾರ್ಖಾನೆ ಇಂಥ ಬದಲಾವಣೆಯನ್ನು ಹೆಚ್ಚು ಸಹಿಸುತ್ತದೆ. ಮಿಶ್ರಣ, ಒತ್ತುವ ಹಂತಗಳನ್ನು ಅಲ್ಲೂ ಪರೀಕ್ಷಿಸಬೇಕು, ಆದರೆ ತೂಕದ ಮಟ್ಟಿಗಾದರೂ ಚಿಂತೆಯಿಲ್ಲ. ನಿರಂತರ ಲೈನಿನಲ್ಲಿ ಸ್ಕ್ರೂ ಬದಲಿಸಬೇಕಾಗಬಹುದು, ರೀಫಿಲ್ ಪಟ್ಟಿ ಮತ್ತೆ ಕಲಿಸಬೇಕಾಗಬಹುದು, ನಿಯಂತ್ರಕರಿಗೆ ಮತ್ತೆ ದಾಖಲೆ ಕೊಡಬೇಕಾಗಬಹುದು. ಒಂದೊಂದು ಪ್ರಯೋಗಕ್ಕೂ ಕಿಲೋಗಟ್ಟಲೆ ಪುಡಿ ಬೇಕು, ಅದೂ ಪುಡಿಯೇ ಸಿಗದ ಹೊತ್ತಿನಲ್ಲಿ. ಬೇಡಿಕೆ ಏರಿದಾಗ ಚುರುಕಾಗಿ ಓಡುವ ಲೈನ್, ಪುಡಿ ಬದಲಾದಾಗ ಬಿಗಿಯಾಗಿ ನಿಲ್ಲುತ್ತದೆ.

ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಮಾಡುವವರು ಹಿಂಜರಿಯುವುದರಲ್ಲಿ ಇದೂ ಸೇರಿದೆ. ಅವರ ಲಾಭ ತೆಳುವು. ಎರಡು ಮೂರು ಕಡೆಯಿಂದ ಕಚ್ಚಾ ಪುಡಿ ತರಿಸುವುದೇ ಅವರ ಬದುಕಿನ ದಾರಿ. ಹಳೆಯ ಮಿಕ್ಸರ್‌ಗಳ ಖರ್ಚು ಎಂದೋ ತೀರಿದೆ. ಅವರನ್ನು ಹಳಬರು, ಬದಲಾವಣೆಗೆ ಹೆದರುವವರು ಎನ್ನುವುದು ಸುಲಭ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ನಾಳೆ ಬರುವ ಪುಡಿ ಹೇಗಿರುತ್ತದೋ ಗೊತ್ತಿಲ್ಲದಿರುವಾಗ, ಒಂದೇ ಸ್ವಭಾವದ ಪುಡಿಗೆ ಹೊಂದಿಸಿದ ಲೈನನ್ನು ಏನು ಮಾಡುವುದು?

ಇದಕ್ಕೆ ಈಗ ನಡೆಯುತ್ತಿರುವ ಕೆಲಸದಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು ಪುಡಿಗಳ ಸ್ವಭಾವದ ಪಟ್ಟಿಗಳು. ನೂರಾರು ಗ್ರಾಂ ಪುಡಿಯಲ್ಲೇ ಮಾಡಬಹುದಾದ ಸಣ್ಣ ಪರೀಕ್ಷೆಗಳಿಂದ ಅದರ ಗಟ್ಟಿತನ, ಅಂಟು, ಗಾಳಿ ಹಾಯುವ ಗುಣ ಅಳೆದು, ಮೊದಲೇ ಓಡಿಸಿ ನೋಡಿದ ಪುಡಿಗಳ ಜೊತೆ ಹೋಲಿಸುವುದು. ಹತ್ತಿರದ ಹೋಲಿಕೆ ಸಿಕ್ಕರೆ ಯಾವ ಸ್ಕ್ರೂ, ಎಷ್ಟು ರೀಫಿಲ್ ಎಂಬುದನ್ನು ಅಲ್ಲಿಂದಲೇ ಶುರು ಮಾಡಬಹುದು. ಈ ಅಂಕಿಗಳು ಈಗ ಬಹುಪಾಲು ಒಂದೊಂದು ಕಂಪನಿಯ ಕಪಾಟಿನಲ್ಲಿವೆ. ಲ್ಯಾಕ್ಟೋಸ್, ಸೆಲ್ಯುಲೋಸ್‌ನಂಥ ಎಲ್ಲರೂ ಬಳಸುವ ಪುಡಿಗಳ ಅಂಕಿಗಳನ್ನಾದರೂ ಹಂಚಿಕೊಂಡರೆ, ಮತ್ತು ಕಚ್ಚಾ ಪುಡಿ ಕೊಳ್ಳುವ ಕರಾರಿನಲ್ಲಿ ಶುದ್ಧತೆಯ ಸಾಲಿನ ಕೆಳಗೆ ಹರಿಯುವ ಗುಣದ ಒಂದು ಸಾಲೂ ಸೇರಿದರೆ, ಎರಡನೆಯ ಪೂರೈಕೆದಾರರ ಪುಡಿ ಹಾಪರ್‌ಗೆ ಬೀಳುವ ಮೊದಲೇ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಕಾರ್ಖಾನೆಗೆ ಗೊತ್ತಿರುತ್ತದೆ.